ಬೆರಳ ತುದಿಯ ಪುಣ್ಯಕೋಟಿ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಇಂದು ಕಂಡುಬರುವ ಒಂದು ಪರಿಸ್ಥಿತಿ ಎಲ್ಲರಿಗೂ ಪರಿಚಿತವಾದುದೇ. ಊರಿನಿಂದ ಬಂದ ಅಜ್ಜಿಗೆ ಕನ್ನಡವಲ್ಲದೆ ಬೇರೆ ನುಡಿ ಬಾರದು. ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಹುಟ್ಟಿದ ಮೊಮ್ಮಗುವಿಗೆ ಕನ್ನಡ ಅರ್ಥವಾದರೂ ನಾಲಗೆಗೆ ಬಾರದು. ಒಂದೇ ಕೋಣೆಯಲ್ಲಿ ಕುಳಿತ ಇಬ್ಬರ ನಡುವೆ ಮೊಬೈಲಿನ ಪರದೆಯೊಂದೇ ಮಾತಾಡುತ್ತಿರುತ್ತದೆ. ಮಾತೃಭಾಷೆಯ ಉಳಿವನ್ನು ಕುರಿತು ಸಂಘಗಳ ವೇದಿಕೆಗಳಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಆದರೆ ಈ ಮೌನವನ್ನು ಮುರಿಯಲು ಭಾಷಣಕ್ಕಿಂತ ಅಂಗೈಯಗಲದ ಬಟ್ಟೆ, ಒಂದು ಸೂಜಿ, ಒಂದೆಳೆ ದಾರ ಹೆಚ್ಚು ಉಪಯೋಗಕ್ಕೆ ಬರಬಲ್ಲವು ಎಂದರೆ ಅತಿಶಯೋಕ್ತಿಯಾಗಲಾರದು. ಮನೆಯಲ್ಲಿಯೇ ಕೈಯಿಂದ ಹೊಲಿದ ಬೆರಳುಗೊಂಬೆ ಅಂಥದೊಂದು ಸಾಧನ.

ಗೊಂಬೆಯನ್ನು ಆಡಿಸಿ ಕಥೆ ಹೇಳುವುದು ಕನ್ನಡಿಗರಿಗೆ ಹೊಸದಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರದ ಗೊಂಬೆಗಳು ಇಂದಿಗೂ ಕುಣಿಯುತ್ತವೆ. ತೊಗಲು ಗೊಂಬೆಯಾಟಕ್ಕೆ ಬಾಳನ್ನೇ ಮುಡಿಪಾಗಿಟ್ಟ ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಆ ಕಲೆಗಳಿಗೆ ದೀರ್ಘಕಾಲದ ಸಾಧನೆ ಬೇಕು. ಬೆರಳುಗೊಂಬೆಗೆ ಒಂದು ಭಾನುವಾರದ ಮಧ್ಯಾಹ್ನ ಸಾಕು.

ಇದಕ್ಕೆ ತಕ್ಕುದು ಫೆಲ್ಟ್ ಬಟ್ಟೆ. ಕಂಬಳಿಯಂತೆ ಇದನ್ನು ಮಗ್ಗದಲ್ಲಿ ನೇಯುವುದಿಲ್ಲ. ಉಣ್ಣೆಯ ಎಳೆಗಳನ್ನು ತೇವ, ಶಾಖ, ಒತ್ತಡಗಳಿಂದ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿ ತಯಾರಿಸುವುದು ಇದರ ಮೂಲ ಪದ್ಧತಿ. ಇಂದು ಅಂಗಡಿಗಳಲ್ಲಿ ಕೃತಕ ನೂಲಿನ ಫೆಲ್ಟ್ ಕೂಡ ದೊರೆಯುತ್ತದೆ. ಹಾಸು ಹೊಕ್ಕುಗಳಿಲ್ಲದ ಕಾರಣ ಕತ್ತರಿಸಿದ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ಆದುದರಿಂದ ಅಂಚು ಮಡಿಸುವ ಶ್ರಮವಿಲ್ಲದೆ ಹೊಲಿಗೆ ಬಾರದವರೂ ಇದನ್ನು ಹೊಲಿಯಬಹುದು.

ಮೊದಲಿಗೆ ಒಂದು ಹಸುವನ್ನು ಮಾಡುವುದು ಮೇಲು. ಹಿರಿಯರ ಬೆರಳಿಗಾದರೆ ಸುಮಾರು 5 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರದ ಎರಡು ತುಂಡುಗಳನ್ನು ಮೇಲ್ತುದಿ ದುಂಡಗಿರುವಂತೆ ಕತ್ತರಿಸಬೇಕು. ಮಗುವಿನ ಬೆರಳಿಗೆ ಎರಡು ಅಳತೆಗಳಲ್ಲಿಯೂ ಒಂದೊಂದು ಸೆಂ.ಮೀ. ಕಡಿಮೆ ಸಾಕು. ಮುಂದಿನ ತುಂಡಿಗೆ ಮೂತಿಯನ್ನು ಹೊಲಿದು, ಕಪ್ಪು ದಾರದಿಂದ ಕಣ್ಣುಗಳನ್ನು ಮೂಡಿಸಿಕೊಳ್ಳಬೇಕು. ಆಮೇಲೆ ಕಿವಿ, ಕೋಡುಗಳ ಬುಡವನ್ನು ಎರಡು ತುಂಡುಗಳ ನಡುವೆ ಸಿಕ್ಕಿಸಿ, ಕೆಳಬದಿಯನ್ನು ಮಾತ್ರ ತೆರೆದಿಟ್ಟು ಸುತ್ತಲೂ ಒತ್ತಾಗಿ ಹೊಲಿದರಾಯಿತು. ಗಂಟುಗಳು ಒಳಗೇ ಅಡಗಿರಲಿ. ಇದೇ ರೀತಿ ಹಳದಿ ಬಟ್ಟೆಗೆ ಕಪ್ಪು ದಾರದ ಪಟ್ಟೆಗಳನ್ನೆಳೆದರೆ ಹುಲಿ ಸಿದ್ಧ. ಎರಡು ಬೆರಳುಗಳ ಮೇಲೆ ಗೋವಿನ ಹಾಡಿನ ಪುಣ್ಯಕೋಟಿಯೂ ಅರ್ಬುತನೂ ಎದುರುಬದುರಾಗಿ ನಿಲ್ಲುತ್ತಾರೆ.

ಗೊಂಬೆ ಆಡುವ ಮೊದಲೇ ಭಾಷೆಯ ಕೆಲಸ ಆರಂಭವಾಗಿರುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಸೂಜಿಯ ಕಣ್ಣು ಅಜ್ಜಿಗೆ ಕಾಣದು, ಮಗುವಿಗೆ ಕಾಣುತ್ತದೆ. ಗಂಟು ಹಾಕುವುದು ಮಗುವಿಗೆ ಬಾರದು, ಅಜ್ಜಿಗೆ ಬರುತ್ತದೆ. ಒಬ್ಬರು ಇನ್ನೊಬ್ಬರನ್ನು ಕೇಳಲೇಬೇಕು. ದಾರ ಪೋಣಿಸು, ಅಂಚು ಹಿಡಿ, ಕೋಡು ಸೊಟ್ಟಗಾಯಿತು ಎಂಬ ಮಾತುಗಳು ಪುಸ್ತಕದ ಪಾಠವಾಗಿ ಬರದೆ ಕೆಲಸದ ಅಗತ್ಯವಾಗಿ ಬರುತ್ತವೆ. ಮುಂದೆ ಆಟ ತೊಡಗಿದಾಗ ಪುಣ್ಯಕೋಟಿಗೆ ಕನ್ನಡವಲ್ಲದೆ ಬೇರೆ ಭಾಷೆ ತಿಳಿಯದು ಎಂಬುದೊಂದೇ ನಿಯಮವಿರಲಿ. ತಪ್ಪಾಡಿದರೆ ನಕ್ಕಾರೆಂದು ಅಂಜಿ ದೊಡ್ಡವರೊಡನೆ ಬಾಯಿಬಿಡದ ಮಗು ಹುಲಿಯ ಮರೆಯಲ್ಲಿ ಧೈರ್ಯವಾಗಿ ಗರ್ಜಿಸಬಲ್ಲದು. ತಪ್ಪಾದರೆ ಅದು ಹುಲಿಯ ತಪ್ಪು! ಕಡೆಯಲ್ಲಿ ಹುಲಿ ಸಾಯುವುದು ಬೇಡವೆಂದು ಮಗು ಹಟ ಹಿಡಿದರೆ ಆ ವಾದವೂ ಕನ್ನಡದಲ್ಲಿಯೇ ನಡೆಯಲಿ.

ಆರೋಗ್ಯದ ದೃಷ್ಟಿಯಿಂದಲೂ ಈ ಕೆಲಸ ಹಿತಕರ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಸೂಚನೆಗಳಂತೆ 2ರಿಂದ 4 ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕುಳಿತಿರಬಾರದು, ಕಡಿಮೆಯಾದಷ್ಟೂ ಲೇಸು. ಕುಳಿತಿರುವ ವೇಳೆಯಲ್ಲಿ ಹಿರಿಯರು ಕಥೆ ಹೇಳುವುದು, ಓದುವುದು ಉತ್ತಮವೆಂದೂ ಅದು ಹೇಳುತ್ತದೆ. ಈ ವಯಸ್ಸಿನವರು ಗೊಂಬೆ ಆಡಿಸಲಿ. ಐದಾರು ವರ್ಷ ತುಂಬಿದವರು ಹಿರಿಯರ ಕಣ್ಣೆದುರಿಗೆ ದಪ್ಪ ಸೂಜಿ ಹಿಡಿಯಲಿ. ಹೆಬ್ಬೆರಳು, ತೋರುಬೆರಳುಗಳನ್ನು ಕೂಡಿಸಿ ಸೂಜಿ ಹಿಡಿಯುವ ಅಭ್ಯಾಸ ಪೆನ್ಸಿಲ್ ಹಿಡಿಯುವುದಕ್ಕೂ ಒದಗುತ್ತದೆ. ಎಳೆಯ ಮಕ್ಕಳು ಎಲ್ಲವನ್ನೂ ಬಾಯಿಗಿಡುವುದರಿಂದ ಕಣ್ಣಿಗೆ ಗುಂಡಿ, ಮಣಿಗಳನ್ನು ಹೊಲಿಯಲೇಬಾರದು. ಬೆರಳಿನ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳು ದರ್ಜಿಗಳು ಬೆರಳಿಗೆ ತೊಡುವ ಲೋಹದ ಕವಚವನ್ನು ಬಳಸುವುದು ಕ್ಷೇಮ. ಕೆಲಸ ಮುಗಿದೊಡನೆ ಸೂಜಿಗಳನ್ನು ಎಣಿಸಿ ಡಬ್ಬಿಗೆ ಸೇರಿಸಬೇಕು.

ಅಂಗಡಿಯಲ್ಲಿ ಸಿದ್ಧಗೊಂಬೆಗಳು ದೊರೆಯುವಾಗ ಇಷ್ಟು ಶ್ರಮವೇಕೆ ಎಂಬ ಪ್ರಶ್ನೆ ಸಹಜ. ಗೊಂಬೆಯೊಂದೇ ಬೇಕಾದವರು ಕೊಳ್ಳಬಹುದು. ಆದರೆ ಜತೆಯಾಗಿ ಕುಳಿತ ಎರಡು ಗಂಟೆಗಳು ಬೆಲೆಗೆ ಸಿಗುವ ಸರಕಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವ ದಂಪತಿಗಳಿಗೆ ಬಿಡುವಿಲ್ಲವೆಂಬುದೂ ನಿಜವೇ. ಅಂಥವರು ತಿಂಗಳಿಗೊಂದು ಭಾನುವಾರವನ್ನಾದರೂ ಮೀಸಲಿಡಬಹುದು. ಹೊಲಿಗೆ ಹೆಂಗಸರ ಕೆಲಸವೆಂದು ತಂದೆಯಾದವನು ದೂರ ಸರಿಯುವುದು ಮಾತ್ರ ಸಲ್ಲದು. ಊರೂರಿನ ದರ್ಜಿಗಳಲ್ಲಿ ಗಂಡಸರೇನು ಕಡಿಮೆಯೇ?

ಬೆರಳುಗೊಂಬೆ ಮಗುವಿಗೆ ಕನ್ನಡ ಓದುಬರಹ ಕಲಿಸಲಾರದು. ಅದಕ್ಕೆ ಸಂಘದ ಕನ್ನಡ ತರಗತಿಗಳು ಇರಲೇಬೇಕು. ಆದರೆ ಮನೆಯಲ್ಲಿ ಮಾತೇ ಹುಟ್ಟದಿದ್ದರೆ ತರಗತಿಯ ಅಕ್ಷರಗಳು ಯಾವ ನೆಲದಲ್ಲಿ ಬೇರೂರಬೇಕು? ಮುಂದಿನ ರಾಜ್ಯೋತ್ಸವದ ಮಕ್ಕಳ ಕಾರ್ಯಕ್ರಮದಲ್ಲಿ ಉರುಹೊಡೆದ ಭಾಷಣವೊಂದನ್ನು ಕಡಿಮೆ ಮಾಡಿ, ಆ ಹತ್ತು ನಿಮಿಷಗಳನ್ನು ಮನೆಮನೆಯಲ್ಲಿ ಹೊಲಿದ ಹಸು ಹುಲಿಗಳಿಗೆ ಬಿಟ್ಟುಕೊಡಲು ನಮ್ಮ ಸಂಘಗಳು ಮನಸ್ಸು ಮಾಡಲಿ.