ಹಳೆಯ ಬೈಕು ಉಳಿಸುವುದೋ, ಹೊಸದು ಕೊಳ್ಳುವುದೋ?

ಸರಕು ಮತ್ತು ಸೇವಾ ತೆರಿಗೆಯ ದರಗಳು 2025ರ ಸೆಪ್ಟೆಂಬರ್ 22ರಂದು ಬದಲಾದಾಗ ಬೈಕುಗಳ ಬೆಲೆ ಇಳಿದದ್ದು ಎಲ್ಲರಿಗೂ ತಿಳಿದಿದೆ. ಆದರೆ ಆ ಬದಲಾವಣೆಯು ಮಧ್ಯಮ ವರ್ಗದ ಅನೇಕ ಮನೆಗಳಲ್ಲಿ ಬಹುಕಾಲದಿಂದ ನಡೆಯುತ್ತಿದ್ದ ಒಂದು ವಾಗ್ವಾದದ ತಕ್ಕಡಿಯನ್ನೂ ಸದ್ದಿಲ್ಲದೆ ವಾಲಿಸಿತೆಂಬುದನ್ನು ಹೆಚ್ಚು ಜನ ಗಮನಿಸಿದಂತಿಲ್ಲ. ಮನೆಯಲ್ಲಿರುವ ಹಳೆಯ ಯೆಜ್ಡಿಗೋ ಬುಲೆಟ್‌ಗೋ ಇನ್ನಷ್ಟು ಹಣ ಹಾಕಿ ಅದನ್ನು ಮೇಲ್ದರ್ಜೆಗೆ ಏರಿಸುವುದೋ, ಇಲ್ಲವೇ ಹಳೆಯ ರೂಪವನ್ನೇ ಹೊತ್ತು ಬರುವ ಹೊಸ ಬೈಕನ್ನು ಕೊಳ್ಳುವುದೋ ಎಂಬುದು ಆ ವಾಗ್ವಾದ. ಮೇಲ್ನೋಟಕ್ಕೆ ಇದು ಹವ್ಯಾಸಿಗಳ ಖಾಸಗಿ ಪ್ರಶ್ನೆ. ವಾಸ್ತವದಲ್ಲಿ ಇದರ ಉತ್ತರವನ್ನು ಬಹುಮಟ್ಟಿಗೆ ನಿರ್ಧರಿಸುತ್ತಿರುವುದು ಸರ್ಕಾರದ ತೆರಿಗೆ, ಶುಲ್ಕ ಮತ್ತು ಕಾನೂನುಗಳು. ನನ್ನ ಬಳಿಯೂ 1984ರಲ್ಲಿ ಕೊಂಡ ಯೆಜ್ಡಿ ಇದೆ. ಆದ್ದರಿಂದ ಈ ವಿಷಯದಲ್ಲಿ ನಾನು ಸಂಪೂರ್ಣ ತಟಸ್ಥನೆಂದು ಹೇಳಿಕೊಳ್ಳಲಾರೆ.

ಕನ್ನಡಿಗರಿಗೆ ಈ ಚರ್ಚೆ ದೂರದ್ದಲ್ಲ. 1960ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಐಡಿಯಲ್ ಜಾವಾ ಕಂಪನಿ ಜೆಕೊಸ್ಲೊವಾಕಿಯಾದ ಪರವಾನಗಿಯಡಿ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1973ರಿಂದ ಅವೇ ಯೆಜ್ಡಿ ಎಂಬ ಹೆಸರಿನಲ್ಲಿ ರಸ್ತೆಗಿಳಿದವು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಚಿ ಗೇರು ಹಾಕಬಹುದಾದ ಆ ಯಂತ್ರವನ್ನು ಎರಡು ತಲೆಮಾರಿನ ಜನ ಕಲಿತು ಓಡಿಸಿದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮಹೀಂದ್ರ ಸಮೂಹದ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯು 2018ರಲ್ಲಿ ಜಾವಾವನ್ನು, 2022ರಲ್ಲಿ ಯೆಜ್ಡಿಯನ್ನು ಮರಳಿ ತಂದಿತು. ಆದರೆ ಅವು ಈಗ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಚೆನ್ನೈನ ರಾಯಲ್ ಎನ್‌ಫೀಲ್ಡ್ ಮಾತ್ರ 1955ರಿಂದ ಎಡೆಬಿಡದೆ ಬಂದಿದೆ. ಹೀಗೆ ಹಳತು ಮತ್ತು ಹಳತಿನ ವೇಷ ತೊಟ್ಟ ಹೊಸತು ಎರಡೂ ಮಾರುಕಟ್ಟೆಯಲ್ಲಿ ಎದುರುಬದುರಾಗಿ ನಿಂತಿವೆ.

ಮೊದಲು ಹೊಸದರ ಲೆಕ್ಕ ನೋಡೋಣ. 350 ಸಿ.ಸಿ.ವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್ ಇರುವವುಗಳ ಮೇಲೆ ಸೆಸ್ ಸೇರಿ ಶೇ 31ರಷ್ಟಿದ್ದ ಹೊರೆ ಶೇ 40ಕ್ಕೆ ಏರಿತು. ತೆರಿಗೆಗೆ ಮುನ್ನ ಒಂದೂವರೆ ಲಕ್ಷ ರೂಪಾಯಿ ಬೆಲೆಯ ಸಣ್ಣ ಬೈಕು ಕೊಳ್ಳುವವನಿಗೆ ಇದರಿಂದ 15,000 ರೂಪಾಯಿ ಉಳಿತಾಯ. ಎರಡೂವರೆ ಲಕ್ಷದ ದೊಡ್ಡ ಬೈಕು ಕೊಳ್ಳುವವನಿಗೆ 22,500 ರೂಪಾಯಿ ಹೆಚ್ಚುವರಿ ಹೊರೆ. ಕ್ಲಾಸಿಕ್ 350ರ ಎಂಜಿನ್ 349 ಸಿ.ಸಿ., ಈಗಿನ ಯೆಜ್ಡಿಯದು 334 ಸಿ.ಸಿ. ಇವೆರಡೂ ಗೆರೆಯ ಈಚೆಗಿವೆ. 398 ಸಿ.ಸಿ.ಯ ಟ್ರಯಂಫ್ ಸ್ಪೀಡ್ 400, 648 ಸಿ.ಸಿ.ಯ ಇಂಟರ್‌ಸೆಪ್ಟರ್ ಆಚೆಗಿವೆ. ಗೆರೆ ಎಳೆದಲ್ಲೆಲ್ಲ ಅದಕ್ಕೆ ಕೂದಲೆಳೆಯಷ್ಟು ಈಚೆಗೆ ಸರಕು ಗುಂಪುಗೂಡುತ್ತದೆ ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ.

ಆದರೆ ಷೋರೂಮಿನ ಬೆಲೆಯೇ ಅಂತಿಮವಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನದ ಜೀವಿತಾವಧಿ ತೆರಿಗೆ ಶೇ 18. ಅದನ್ನು ವಿಧಿಸುವುದು ಜಿಎಸ್‌ಟಿ ಸೇರಿದ ಬೆಲೆಯ ಮೇಲೆ. ಮೇಲಿನ ಉದಾಹರಣೆಯಲ್ಲಿ ಒಂದೂವರೆ ಲಕ್ಷದ ಬೈಕಿಗೆ 27,000 ರೂಪಾಯಿ ಜಿಎಸ್‌ಟಿ, ಆ ಬಳಿಕ 1,77,000 ರೂಪಾಯಿಯ ಮೇಲೆ 31,860 ರೂಪಾಯಿ ರಾಜ್ಯದ ತೆರಿಗೆ. ಎರಡೂ ಸೇರಿ 58,860 ರೂಪಾಯಿ. ಅಂದರೆ ಮೂಲಬೆಲೆಯ ಶೇ 39ಕ್ಕಿಂತ ಹೆಚ್ಚು. ಇದರಲ್ಲಿ 4,860 ರೂಪಾಯಿ ತೆರಿಗೆಯ ಮೇಲಿನ ತೆರಿಗೆ. ಹೊಸ ಬೈಕು ಅಗ್ಗವಾಯಿತು ಎನ್ನುವವರು ಈ ಎರಡನೆಯ ಕಂತನ್ನು ಮರೆಯಬಾರದು. ಹಳೆಯ ಬೈಕಿನ ಮಾಲೀಕ ಈ ಕಂತನ್ನು ಎಂದೋ ಕಟ್ಟಿ ಮುಗಿಸಿದ್ದಾನೆ. ಜೊತೆಗೆ ಬಿಡಿಭಾಗಗಳ ಜಿಎಸ್‌ಟಿಯೂ ಶೇ 18ಕ್ಕೆ ಇಳಿದಿರುವುದರಿಂದ ದುರಸ್ತಿಯ ವೆಚ್ಚವೂ ತುಸು ತಗ್ಗಿದೆ. ಕೇವಲ ತೆರಿಗೆಯ ದೃಷ್ಟಿಯಿಂದ ನೋಡಿದರೆ ಹಳತನ್ನು ಉಳಿಸಿಕೊಳ್ಳುವುದೇ ಈಗಲೂ ಲಾಭದಾಯಕ.

ಇಲ್ಲಿಯೇ ಎರಡು ಬಗೆಯ ಖರ್ಚುಗಳನ್ನು ಬೇರ್ಪಡಿಸಿ ನೋಡಬೇಕು. ಸವೆದ ಭಾಗವನ್ನು ಬದಲಿಸಿ ಯಂತ್ರವನ್ನು ಅದರ ಮೂಲ ಸ್ಥಿತಿಗೆ ತರುವುದು ಒಂದು. ಯಂತ್ರ ಏನಾಗಿರಲಿಲ್ಲವೋ ಅದನ್ನಾಗಿ ಮಾಡಲು ಹೊರಡುವುದು ಇನ್ನೊಂದು. ನನ್ನ ಸೋದರಳಿಯನೊಬ್ಬ ತನ್ನ ಹತ್ತು ವರ್ಷದ 350 ಸಿ.ಸಿ. ಬೈಕಿಗೆ ದೊಡ್ಡ ಸಿಲಿಂಡರ್ ಮತ್ತು ಪಿಸ್ಟನ್ ಹಾಕಿಸಿ 500 ಸಿ.ಸಿ. ದಾಟಿಸುವ ಯೋಚನೆಯಲ್ಲಿದ್ದ. ಶೇ 40ರ ತೆರಿಗೆ ತೆತ್ತು ದೊಡ್ಡ ಬೈಕು ಕೊಳ್ಳುವ ಬದಲು ಗ್ಯಾರೇಜಿನಲ್ಲಿಯೇ ದೊಡ್ಡದು ಮಾಡಿಸಿದರೆ ಅಗ್ಗವಲ್ಲವೇ ಎಂಬುದು ಅವನ ವಾದ. ತೆರಿಗೆಯ ಗೆರೆ ಹೇಗೆ ಜನರ ಬುದ್ಧಿಯನ್ನು ಅಡ್ಡದಾರಿಗೆ ಎಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಆ ದಾರಿಗೆ ಕಾನೂನು ಅಡ್ಡಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಚಿತಪಡಿಸಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಇದಕ್ಕಿಂತ ಗಂಭೀರವಾದದ್ದು ವಿಮೆಯ ಪ್ರಶ್ನೆ. ಎಂಜಿನ್ ಗಾತ್ರವನ್ನು ಬದಲಿಸಿ ಅದನ್ನು ವಿಮಾ ಕಂಪನಿಗೆ ತಿಳಿಸದವನು ಅಪಘಾತದ ದಿನ ಅನಗತ್ಯ ವ್ಯಾಜ್ಯವೊಂದಕ್ಕೆ ತಾನೇ ಬಾಗಿಲು ತೆರೆದಿರುತ್ತಾನೆ. ಮಾರುಕಟ್ಟೆಯೂ ಅವನ ಕೈಹಿಡಿಯದು. ಮೂಲರೂಪದಲ್ಲಿರುವ ಹಳೆಯ ಬೈಕನ್ನು ಹುಡುಕಿಕೊಂಡು ಬರುವವರಿದ್ದಾರೆ. ಇನ್ನೊಬ್ಬರ ಅಭಿರುಚಿಗೆ ತಕ್ಕಂತೆ ತಿದ್ದಿದ ಬೈಕಿಗೆ ಹಾಕಿದ ಹಣ ಮರಳಿ ಬರುವುದು ಅಪರೂಪ. ಬಲ ಮತ್ತು ವೇಗ ಬೇಕಾದವನು ಅದಕ್ಕೆಂದೇ ತಯಾರಾದ ಬೈಕನ್ನು ಕೊಳ್ಳುವುದೇ ಮೇಲು. ಹೆಚ್ಚಿದ ವೇಗಕ್ಕೆ ತಕ್ಕ ಚಾಸಿ ಮತ್ತು ಬ್ರೇಕುಗಳೂ ಅದರೊಡನೆ ಬರುತ್ತವೆ.

ಬ್ರೇಕಿನ ಮಾತು ಬಂದಾಗ ಹಳೆಯ ಬೈಕಿನ ಅಭಿಮಾನಿಗಳು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. 125 ಸಿ.ಸಿ. ಮೀರಿದ ಎಲ್ಲ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕು ಒತ್ತಿದಾಗಲೂ ಚಕ್ರ ಹಿಡಿದುಕೊಂಡು ಜಾರದಂತೆ ಅದು ಕಾಯುತ್ತದೆ. ನಾಲ್ಕು ದಶಕ ಹಳೆಯ ಡ್ರಮ್ ಬ್ರೇಕು ಎಷ್ಟೇ ಚೆನ್ನಾಗಿ ಹೊಂದಿಸಿದ್ದರೂ ಈ ಕೆಲಸ ಮಾಡಲಾರದು. ಹಳೆಯ ಜಾವಾ, ಯೆಜ್ಡಿಗಳ 6 ವೋಲ್ಟ್ ದೀಪದ ಬೆಳಕು ಇಂದಿನ ಹೆದ್ದಾರಿಯ ರಾತ್ರಿಗೆ ಸಾಲದು. ದಿನನಿತ್ಯ ಕಚೇರಿಗೆ ಹೋಗಿ ಬರಲು, ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೊರವರ್ತುಲ ರಸ್ತೆಯಲ್ಲಿ ಓಡಾಡಲು ಒಂದೇ ಬೈಕು ಇರುವುದಾದರೆ, ಅದು ಹೊಸದಾಗಿರುವುದೇ ಲೇಸು. ಈ ವಿಷಯದಲ್ಲಿ ಭಾವುಕತೆಗೆ ಅವಕಾಶವಿಲ್ಲ.

ಇಂಧನದ್ದೂ ಹೊಸ ತೊಡಕು. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿತು. ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣದ್ದು. ವಾರಗಟ್ಟಲೆ ನಿಂತಿರುವ ಬೈಕಿನ ಟ್ಯಾಂಕು ತುಕ್ಕು ಹಿಡಿಯುವ, ಹಳೆಯ ರಬ್ಬರು ಕೊಳವೆ ಮತ್ತು ಸೀಲುಗಳು ಬೇಗ ಹಾಳಾಗುವ ಭಯ ಇರುವುದರಿಂದ, ಕಾರ್ಬ್ಯುರೇಟರ್ ಮತ್ತು ಇಂಧನ ಕೊಳವೆಗಳಿಗೆ ಎಥೆನಾಲ್ ತಾಳುವ ಭಾಗಗಳನ್ನು ಹಾಕಿಸುವುದು ಈಗ ಷೋಕಿಯಲ್ಲ, ಅಗತ್ಯ. ಹಾಗೆಯೇ ಎರಡು ಸ್ಟ್ರೋಕಿನ ಎಂಜಿನ್ ಆಯಿಲನ್ನೂ ಸುಟ್ಟು ಹೊಗೆ ಉಗುಳುತ್ತದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಮಾಲಿನ್ಯ ನಿರ್ಧಾರವಾಗುವುದು ವಾಹನದ ವಯಸ್ಸಿನಿಂದಷ್ಟೇ ಅಲ್ಲ, ಅದು ಓಡುವ ದೂರದಿಂದಲೂ. ಭಾನುವಾರದ ಬೆಳಿಗ್ಗೆ ಮಾತ್ರ ಹೊರಬರುವ ಬೈಕು ವರ್ಷಕ್ಕೆ ಐನೂರು ಕಿಲೊಮೀಟರು ಓಡಿದರೆ ಹೆಚ್ಚು. ನಮ್ಮ ಶುಲ್ಕದ ಪಟ್ಟಿಗೆ ಮಾತ್ರ ಈ ವ್ಯತ್ಯಾಸ ಕಾಣುವುದಿಲ್ಲ.

ಕಾಣುವುದು ವಯಸ್ಸು ಮಾತ್ರ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಬಳಿಕ ಐದೈದು ವರ್ಷಕ್ಕೆ ನವೀಕರಣ. ದ್ವಿಚಕ್ರ ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300ರಿಂದ 1,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆಯು 20 ವರ್ಷ ಮೀರಿದವುಗಳಿಗೆ ಅದನ್ನು 2,000 ರೂಪಾಯಿ ಮಾಡಿತು. ಮೊತ್ತ ದೊಡ್ಡದಲ್ಲ, ಅದರ ಹಿಂದಿನ ತರ್ಕ ಮಾತ್ರ ಪ್ರಶ್ನಾರ್ಹ. ಇನ್ನೊಂದೆಡೆ 2021ರ ನಿಯಮದಂತೆ 50 ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನವನ್ನು 20,000 ರೂಪಾಯಿ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಆಮೇಲೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಮೈಸೂರಿನಲ್ಲಿ 1980ರ ದಶಕದಲ್ಲಿ ತಯಾರಾದ ಯೆಜ್ಡಿಗಳಿಗೆ ಆ ಮಾನ್ಯತೆಯೂ ಇನ್ನೂ ದಕ್ಕಿಲ್ಲ. ಅವು ಹಳೆಯವೆಂದು ಶುಲ್ಕ ತೆರುತ್ತವೆ, ಪರಂಪರೆಯೆಂಬ ಗೌರವಕ್ಕೆ ಮಾತ್ರ ಎಳೆಯವು.

ಹಾಗಾದರೆ ಪರಿಹಾರವೇನು? ಬ್ರಿಟನ್ನಿನ ಪದ್ಧತಿಯಲ್ಲಿ ನಾವು ಕಲಿಯಬಹುದಾದ ಅಂಶವಿದೆ. ಅಲ್ಲಿ 40 ವರ್ಷ ಮೀರಿದ, ಗಣನೀಯವಾಗಿ ಬದಲಾಗದ ವಾಹನಗಳಿಗೆ 2018ರಿಂದ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಆ ವಿನಾಯಿತಿ ನಮ್ಮ ರಸ್ತೆಗಳಿಗೆ ಹೊಂದಲಾರದು. ಆದರೆ ‘ಗಣನೀಯ ಬದಲಾವಣೆ’ ಎಂದರೇನು ಎಂಬುದನ್ನು ಅಲ್ಲಿ ಬಿಡಿಸಿ ಹೇಳಲಾಗಿದೆ. ಚಕ್ರ, ಆಕ್ಸಲ್ ಮೊದಲಾದ ಚಾಲನಾ ಭಾಗಗಳಲ್ಲಿ ಸುರಕ್ಷತೆಗಾಗಿ, ದಕ್ಷತೆಗಾಗಿ ಅಥವಾ ಪರಿಸರದ ದೃಷ್ಟಿಯಿಂದ ಮಾಡಿದ ಸುಧಾರಣೆಗಳನ್ನು ಅಲ್ಲಿನ ಮಾರ್ಗಸೂಚಿ ಗಣನೀಯ ಬದಲಾವಣೆಯೆಂದು ಎಣಿಸುವುದಿಲ್ಲ. ನಮ್ಮಲ್ಲಿ ಇಂಥ ವಿವೇಚನೆಯೇ ಇಲ್ಲ. ಕಿವಿಗಡಚಿಕ್ಕುವ ಸೈಲೆನ್ಸರ್ ಹಾಕಿಸಿದವನೂ, ತಂದೆಯ ಬೈಕಿಗೆ ಡಿಸ್ಕ್ ಬ್ರೇಕ್ ಮತ್ತು 12 ವೋಲ್ಟ್ ದೀಪ ಹಾಕಿಸಿದವನೂ ‘ಮಾರ್ಪಾಡು’ ಎಂಬ ಒಂದೇ ಪದದ ನೆರಳಿನಲ್ಲಿ ಅಂಜುತ್ತ ಓಡಾಡಬೇಕಾಗಿದೆ. ಮೊದಲನೆಯವನು ಬೀದಿಗೆ ಉಪದ್ರವ ಕೊಡುತ್ತಾನೆ, ಎರಡನೆಯವನು ಜೀವ ಉಳಿಸುತ್ತಾನೆ. ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡುವ ನಿಯಮದಿಂದ ಪ್ರಾಮಾಣಿಕರಿಗಷ್ಟೇ ತೊಂದರೆ.

ಆದ್ದರಿಂದ ಮೂರು ಕ್ರಮಗಳು ಅಗತ್ಯ. ಮೊದಲನೆಯದಾಗಿ, ಬ್ರೇಕು, ದೀಪ, ಇಗ್ನಿಷನ್, ಇಂಧನ ಕೊಳವೆಗಳಂಥ ಸುರಕ್ಷತಾ ಸುಧಾರಣೆಗಳ ಪಟ್ಟಿಯೊಂದನ್ನು ಕೇಂದ್ರ ಸಾರಿಗೆ ಸಚಿವಾಲಯ ಪ್ರಕಟಿಸಬೇಕು. ಅವನ್ನು ಆರ್‌ಟಿಒ ಪರಿಶೀಲಿಸಿ ನೋಂದಣಿ ಪತ್ರದಲ್ಲಿ ದಾಖಲಿಸಬೇಕು. ಎರಡನೆಯದಾಗಿ, ನವೀಕರಣ ಶುಲ್ಕವು ವಯಸ್ಸಿನ ಬದಲು ತಪಾಸಣೆಯ ಫಲಿತಾಂಶವನ್ನು ಅವಲಂಬಿಸಬೇಕು. ಮೂರನೆಯದಾಗಿ, ರಾಜ್ಯದ ಜೀವಿತಾವಧಿ ತೆರಿಗೆಯನ್ನು ಜಿಎಸ್‌ಟಿ ಹೊರತುಪಡಿಸಿದ ಬೆಲೆಯ ಮೇಲೆ ವಿಧಿಸಬೇಕು. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ವರಮಾನ ನಷ್ಟವೆಂಬ ಎರಡು ಪದಗಳು ಎಷ್ಟೋ ಒಳ್ಳೆಯ ಪ್ರಸ್ತಾವಗಳನ್ನು ಕಡತದಲ್ಲಿಯೇ ಮಲಗಿಸಿದ್ದನ್ನು ಕಂಡಿದ್ದೇನೆ. ಮೊದಲ ಎರಡು ಕ್ರಮಗಳಿಂದ ಖಜಾನೆಗೆ ಹೇಳಿಕೊಳ್ಳುವಂಥ ನಷ್ಟವೂ ಇಲ್ಲ.

ಇದರಲ್ಲಿ ಉದ್ಯೋಗದ ಪ್ರಶ್ನೆಯೂ ಅಡಗಿದೆ. ಹೊಸ ಬೈಕಿಗೆ ಕೊಟ್ಟ ಹಣದ ಬಹುಪಾಲು ದೂರದ ಕಾರ್ಖಾನೆಗೂ ಖಜಾನೆಗೂ ಸಲ್ಲುತ್ತದೆ. ಹಳೆಯ ಬೈಕಿಗೆ ಹಾಕಿದ ಹಣದ ಬಹುಪಾಲು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ, ಲೇತ್ ಯಂತ್ರದ ಕೆಲಸಗಾರನಿಗೆ, ಬೀದಿಯ ಕೊನೆಯ ಮೆಕ್ಯಾನಿಕ್‌ಗೆ ತಲುಪುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವ ಆ ಕುಶಲಿಗಳು ಈಗ ನನ್ನ ವಯಸ್ಸಿನವರು. ಅವರ ಮಕ್ಕಳು ಆ ಕೆಲಸ ಕಲಿತಿಲ್ಲ. ಕಾನೂನಿನ ಮಾನ್ಯತೆ ಇಲ್ಲದ ಕಸುಬಿಗೆ ಹೊಸ ಕೈಗಳು ಬರುವುದಿಲ್ಲ.

ನಿರ್ಧರಿಸಬೇಕಾದ ಓದುಗರಿಗೆ ನನ್ನ ಸಲಹೆ ಸರಳವಾದದ್ದು. ಈವರೆಗೆ ಹಳೆಯ ಬೈಕಿಗೆ ಎಷ್ಟು ಸುರಿದಿರೆಂಬುದನ್ನು ಲೆಕ್ಕದಿಂದ ಹೊರಗಿಡಿ. ಮುಳುಗಿದ ಹಣ ಮುಂದಿನ ತೀರ್ಮಾನಕ್ಕೆ ಆಧಾರವಾಗಬಾರದು. ದಿನವೂ ಓಡಾಡಬೇಕಿದ್ದರೆ ಹೊಸದನ್ನು ಕೊಳ್ಳಿ. ಅಪರೂಪಕ್ಕೆ ಓಡಿಸುವುದಾದರೆ ಹಳತನ್ನು ಮೂಲರೂಪದಲ್ಲಿ ಉಳಿಸಿ, ಟೈರು, ಬ್ರೇಕು, ವೈರಿಂಗ್‌ಗೆ ಮಾತ್ರ ಧಾರಾಳವಾಗಿ ಖರ್ಚು ಮಾಡಿ. ಹಳತನ್ನು ಬಲವಂತವಾಗಿ ಹೊಸದಾಗಿಸುವ ಮೂರನೆಯ ದಾರಿ ಎರಡರ ಲಾಭವನ್ನೂ ಕಳೆಯುತ್ತದೆ. ಉಳಿಸುವವರಿಗೆ ಅಂಜಿಕೆಯಿಲ್ಲದೆ ಉಳಿಸಿಕೊಳ್ಳುವ ದಾರಿಯನ್ನು ತೋರುವುದು ಮಾತ್ರ ಸರ್ಕಾರದ ಹೊಣೆ. ಮೈಸೂರಿನ ಆ ಕಾರ್ಖಾನೆಯನ್ನು ಉಳಿಸಿಕೊಳ್ಳಲು ನಮ್ಮಿಂದಾಗಲಿಲ್ಲ. ಅಲ್ಲಿಂದ ಹೊರಬಂದ ಯಂತ್ರಗಳಾದರೂ ರಸ್ತೆಯ ಮೇಲೆ ಸುರಕ್ಷಿತವಾಗಿ ಉಳಿಯುವಂತೆ ನಿಯಮ ರೂಪಿಸುವುದು ಕಷ್ಟದ ಕೆಲಸವೇನಲ್ಲ.