ಕಟ್ಟಿದವನ ಬಾಕಿ, ಕಾಯಿದೆಯ ಗಡುವು

ಕಳೆದ ತಿಂಗಳು ಒಂದೇ ದಿನ, ಒಂದೇ ಕಟ್ಟಡದ ದೂರು ಹೊತ್ತು ಮೂವರು ನಮ್ಮ ಪಕ್ಷದ ಕಚೇರಿಗೆ ಬಂದರು. ಇಬ್ಬರು ಗಾರೆ ಕೆಲಸದವರು. ಅವರಿಗೆ ಆರು ವಾರದ ಕೂಲಿ ಬರಬೇಕು. ಮೂರನೆಯವರು ಸಿಮೆಂಟು, ಕಬ್ಬಿಣ ಮಾರುವ ಸಣ್ಣ ಅಂಗಡಿಯವರು. ಉದ್ರಿ ಕೊಟ್ಟ ಮಾಲಿನ ಹಣ ಬರಬೇಕು. ಗುತ್ತಿಗೆದಾರ ಊರಲ್ಲಿಲ್ಲ. ಕಟ್ಟಡದ ಯಜಮಾನರು, "ಕೊಡಬೇಕಾದ್ದನ್ನೆಲ್ಲ ಗುತ್ತಿಗೆದಾರನಿಗೆ ಕೊಟ್ಟು ಮುಗಿಸಿದ್ದೇನೆ, ನಿಮ್ಮನ್ನು ಕರೆದವನು ನಾನಲ್ಲ" ಎಂದು ಕೈತೊಳೆದುಕೊಂಡಿದ್ದಾರೆ. ಗಾರೆಯವರಲ್ಲಿ ಹಿರಿಯರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೇಷ್ಟ್ರೇ, ನಾ ಕಟ್ಟಿದ ಗೋಡೆ ಅಲ್ಲೇ ನಿಂತೈತೆ. ಅದರ ಮ್ಯಾಲೆ ನನಗೇನೂ ಹಕ್ಕಿಲ್ವಾ?"

ಇಲ್ಲ ಎಂದು ಉತ್ತರ ಹೇಳಬೇಕಾಗಿ ಬಂದುದು ನಮಗೆ ನಾಚಿಕೆಯ ವಿಷಯ. ಇಂಗ್ಲಿಷರು 1872ರಲ್ಲಿ ಮಾಡಿಟ್ಟ ಭಾರತೀಯ ಕರಾರು ಕಾಯಿದೆಯ 170ನೆಯ ಕಲಮು, ಕೈಗೆ ಬಂದ ವಸ್ತುವಿನ ಮೇಲೆ ಕೌಶಲದಿಂದ ದುಡಿದವನು ತನ್ನ ಕೂಲಿ ಬರುವ ತನಕ ಆ ವಸ್ತುವನ್ನು ಇಟ್ಟುಕೊಳ್ಳಬಹುದು ಎನ್ನುತ್ತದೆ. ಕಲ್ಲು ಸಾಣೆ ಹಿಡಿದ ಅಕ್ಕಸಾಲಿಗನು ಹಣ ಬರುವವರೆಗೆ ಹರಳನ್ನು ಕೊಡಬೇಕಾಗಿಲ್ಲ. ಈ ಹಕ್ಕಿಗೆ ಲೀನ್ ಎಂದು ಹೆಸರು. ಅದೇ ಕಲಮಿನ ಇನ್ನೊಂದು ಉದಾಹರಣೆಯನ್ನು ನಮ್ಮ ವರ್ತಕ ಮಿತ್ರರು ಮನಸ್ಸಿಗೆ ತಂದುಕೊಳ್ಳಬೇಕು: ಕೋಟು ಹೊಲಿದ ಕೂಡಲೆ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳು ತಡೆಯುತ್ತೇನೆ ಎಂದು ಒಪ್ಪಿದ ದರ್ಜಿಗೆ ಆ ಕೋಟನ್ನು ಹಿಡಿದಿಡುವ ಹಕ್ಕಿಲ್ಲ. ಉದ್ರಿ ಕೊಟ್ಟಲ್ಲಿಗೆ ಹಿಡಿತ ತಪ್ಪಿತು. ಇನ್ನು ಗಾರೆಯವನ ಪಾಡೇನು? ಅವನು ಗೋಡೆಯನ್ನು ಮನೆಗೆ ಹೊತ್ತೊಯ್ಯಲಾರ. ಇಟ್ಟಿಗೆ ನೆಲಕ್ಕೆ ಅಂಟಿದ ಕ್ಷಣದಿಂದ ಅದು ನೆಲದ ಒಡೆಯನದು.

ಈ ಅನ್ಯಾಯಕ್ಕೆ ಪರಿಹಾರ ಹುಡುಕಿದ ದೇಶವೊಂದಿದೆ. ಅದು ಸಮಾಜವಾದಿಗಳ ದೇಶವಲ್ಲ, ಬಂಡವಾಳಗಾರರ ತವರಾದ ಅಮೆರಿಕ. 1791ರಲ್ಲಿ ವಾಷಿಂಗ್ಟನ್ ಎಂಬ ಹೊಸ ರಾಜಧಾನಿಯನ್ನು ಬೇಗ ಕಟ್ಟಬೇಕಾಗಿತ್ತು. ಹಣ ಬರುವ ಭರವಸೆಯಿಲ್ಲದೆ ಕೆಲಸಗಾರರು ಬರಲು ಹಿಂಜರಿದಾರೆಂದು ಮೇರಿಲ್ಯಾಂಡ್ ರಾಜ್ಯದ ಶಾಸನಸಭೆ ಒಂದು ಕಾಯಿದೆ ಮಾಡಿತು: ಕಟ್ಟಿದವನ ಬಾಕಿ ಆ ಕಟ್ಟಡದ ಮೇಲೆಯೇ, ಅದು ನಿಂತ ನೆಲದ ಮೇಲೆಯೇ ಕೂರತಕ್ಕದ್ದು. ಇದು ಕೂಲಿಕಾರನ ಮೇಲಿನ ಪ್ರೀತಿಯಿಂದ ಮಾಡಿದ್ದಲ್ಲ ಎಂಬುದನ್ನು ಮರೆಯಬಾರದು. ಅದೇ ಊರಿನ ಅಧ್ಯಕ್ಷರ ಭವನಕ್ಕೂ ಸಂಸತ್ ಭವನಕ್ಕೂ ಗುಲಾಮರೂ ಕಲ್ಲು ಹೊತ್ತರು. ಅವರ ದುಡಿಮೆಯ ಹಣ ಸಂದದ್ದು ಅವರ ಒಡೆಯರಿಗೆ. ಆದರೂ ಆ ಕಾಯಿದೆಯಲ್ಲಿದ್ದ ತತ್ವ ಸರಿಯಾದುದು. ಈಗ ಅಲ್ಲಿಯ ಐವತ್ತು ರಾಜ್ಯಗಳಲ್ಲೂ ಇಂಥ ಕಾಯಿದೆಯುಂಟು. ಕ್ಯಾಲಿಫೋರ್ನಿಯದವರು 1879ರ ತಮ್ಮ ರಾಜ್ಯಾಂಗದಲ್ಲಿಯೇ ಕೂಲಿಕಾರ, ಕುಶಲಕರ್ಮಿ, ಸಾಮಾನು ಒದಗಿಸಿದವ ಈ ಮೂವರಿಗೂ ಈ ಹಕ್ಕನ್ನು ಬರೆದುಕೊಟ್ಟರು. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತರುವ ಋಣಭಾರ ಪತ್ರದಲ್ಲಿ ಬ್ಯಾಂಕಿನ ಸಾಲ ಕಾಣುವ ಹಾಗೆ, ಅಲ್ಲಿ ಗಾರೆಯವನ ಬಾಕಿಯೂ ಸ್ವತ್ತಿನ ದಾಖಲೆಯಲ್ಲಿ ಕಾಣುತ್ತದೆ. ಅದು ತೀರದೆ ಮನೆ ಮಾರುವುದು ಕಷ್ಟ, ಸಾಲ ಎತ್ತುವುದು ಕಷ್ಟ. ಕೊನೆಗೆ ಕೋರ್ಟು ಆ ಸ್ವತ್ತನ್ನು ಮಾರಿಸಿ ಬಾಕಿ ಕೊಡಿಸಬಹುದು.

ಕೊಟ್ಟ ಹಕ್ಕಿಗೆ ಕಾಯಿದೆ ಗಡುವುಗಳನ್ನೂ ಕಟ್ಟಿದೆ. ಇವತ್ತಿನ ನಮ್ಮ ಮಾತು ಇರುವುದು ಇಲ್ಲಿಯೇ.

ಕ್ಯಾಲಿಫೋರ್ನಿಯದ ಲೆಕ್ಕ ನೋಡಿ. ಯಜಮಾನನೊಂದಿಗೆ ನೇರ ಕರಾರಿಲ್ಲದ ಅಂಗಡಿಯವನಾಗಲಿ ಒಳಗುತ್ತಿಗೆದಾರನಾಗಲಿ, ಮೊದಲ ಮಾಲು ಹಾಕಿದ ಅಥವಾ ಮೊದಲ ಕೆಲಸ ಮಾಡಿದ ದಿನದಿಂದ 20 ದಿನದೊಳಗೆ ಯಜಮಾನನಿಗೆ ಮುನ್ಸೂಚನೆಯ ನೋಟೀಸು ಕೊಡಬೇಕು. ತಡವಾದರೆ, ನೋಟೀಸಿಗೆ ಹಿಂದಿನ 20 ದಿನಗಳ ಮಾಲಿಗೂ ಮುಂದಿನದಕ್ಕೂ ಮಾತ್ರ ಹಕ್ಕು. ಜೂನ್ 1ರಿಂದ ಮಾಲು ಹಾಕುತ್ತ ಬಂದವನು ಆಗಸ್ಟ್ 1ಕ್ಕೆ ನೋಟೀಸು ಕೊಟ್ಟರೆ, ಜುಲೈ 12ರ ಹಿಂದೆ ಹಾಕಿದ್ದಕ್ಕೆ ಕಟ್ಟಡದ ಮೇಲೆ ಹಕ್ಕಿಲ್ಲ. ಕೆಲಸ ಮುಗಿದ ಮೇಲೆ 90 ದಿನದೊಳಗೆ ಲೀನನ್ನು ದಾಖಲೆ ಮಾಡಿಸಬೇಕು. ದಾಖಲೆ ಮಾಡಿಸಿದ ಮೇಲೆ ಮತ್ತೆ 90 ದಿನದೊಳಗೆ ಕೋರ್ಟಿನಲ್ಲಿ ದಾವೆ ಹೂಡಬೇಕು. ಇಲ್ಲವಾದರೆ ಲೀನ್ ಅನೂರ್ಜಿತ.

ಫ್ಲಾರಿಡ ರಾಜ್ಯದ ಲೆಕ್ಕ ಬೇರೆ. ಅಲ್ಲಿ ಮುನ್ಸೂಚನೆಗೆ 45 ದಿನ, ದಾಖಲೆಗೆ ಕೊನೆಯ ಕೆಲಸದಿಂದ 90 ದಿನ, ದಾವೆಗೆ ಒಂದು ವರ್ಷ. ಆ ಕೊನೆಯ ಕೆಲಸ ಯಾವುದು ಎಂಬುದರಲ್ಲಿಯೂ ಒಂದು ತೊಡಕಿದೆ. ಬಾಗಿಲು ಸರಿಯಾಗಿ ಕೂರುತ್ತಿಲ್ಲ, ಬಂದು ಸರಿಮಾಡು ಎಂದು ಎರಡು ತಿಂಗಳ ಮೇಲೆ ಕರೆದರೆ, ಹೋಗಿ ರಿಪೇರಿ ಮಾಡಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ಗಡುವು ಮತ್ತೆ ಹೊಸದಾಯಿತೆಂದು ನಂಬಿ ಸುಮ್ಮನೆ ಕುಳಿತವನು ಹಕ್ಕನ್ನು ಕಳೆದುಕೊಳ್ಳುತ್ತಾನೆ.

ಗಡುವೇ ಬೇಡವೆಂದು ನಾವು ಹೇಳುವುದಿಲ್ಲ. ಜೀವಮಾನದ ಉಳಿತಾಯ ಹಾಕಿ ಎರಡು ಕೋಣೆಯ ಮನೆ ಕಟ್ಟಿಸಿದ ಗಿರಣಿ ಕೂಲಿಕಾರನೂ ಯಜಮಾನನೇ. ಅವನು ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟ ಮೇಲೆ, ಎಂದೂ ಮುಖ ನೋಡದ ಅಂಗಡಿಯವನು ಬಂದು ಇನ್ನೊಮ್ಮೆ ಕೊಡು ಎಂದರೆ ಅದೂ ಅನ್ಯಾಯವೇ. ಯಾರ್‍ಯಾರಿಗೆ ಬಾಕಿ ಉಂಟೆಂಬುದು ಹಣ ಕೊಡುವ ಮುಂಚೆ ಅವನಿಗೆ ತಿಳಿಯಬೇಕು. ಮುನ್ಸೂಚನೆಯ ನೋಟೀಸು ಅದಕ್ಕಾಗಿಯೇ ಇದೆ, ಅದು ಸರಿಯಾಗಿಯೇ ಇದೆ.

ನಮ್ಮ ಆಕ್ಷೇಪಣೆ ಇರುವುದು ಗಡುವನ್ನು ಕುಗ್ಗಿಸುವ ಕೈ ಯಾರದು ಎಂಬುದಕ್ಕೆ. ಕ್ಯಾಲಿಫೋರ್ನಿಯದಲ್ಲಿ ಯಜಮಾನನು ಕೆಲಸ ಮುಗಿಯಿತೆಂಬ ಒಂದು ಕಾಗದವನ್ನು ದಾಖಲೆ ಮಾಡಿಸಿದರೆ, ಅಂಗಡಿಯವನ ಮತ್ತು ಒಳಗುತ್ತಿಗೆದಾರನ 90 ದಿನ 30ಕ್ಕೆ ಇಳಿಯುತ್ತದೆ. ನೇರ ಗುತ್ತಿಗೆದಾರನಿಗೆ ಮಾತ್ರ 60 ದಿನ. ಫ್ಲಾರಿಡದಲ್ಲಿ ಯಜಮಾನನು ತಕರಾರಿನ ನೋಟೀಸು ದಾಖಲಿಸಿದರೆ ದಾವೆಯ ಒಂದು ವರ್ಷ 60 ದಿನವಾಗುತ್ತದೆ. ಹಣ ಕೊಡಬೇಕಾದವನ ಒಂದು ಕಾಗದದಿಂದ ಹಣ ಬರಬೇಕಾದವನ ಕಾಲ ಕರಗುವುದು ಯಾವ ನ್ಯಾಯ? ಕೂಲಿಯವನಿಗೆ ಈ ಎರಡೂ ರಾಜ್ಯಗಳು ಮುನ್ಸೂಚನೆಯಿಂದ ವಿನಾಯಿತಿ ಕೊಟ್ಟಿವೆ ನಿಜ. ಆದರೆ ದಾಖಲೆಗೂ ದಾವೆಗೂ ಅವನಿಗೆ ಗಡುವು ತಪ್ಪಿದ್ದಲ್ಲ. ದೊಡ್ಡ ಕಂಪನಿ ಈ ದಿನಗಳನ್ನು ಎಣಿಸಲು ವಕೀಲನನ್ನಿಟ್ಟಿದೆ. ದಿನಗೂಲಿಯವನು ಯಾರನ್ನಿಡಬೇಕು?

ನಮ್ಮ ದೇಶಕ್ಕೆ ಬಂದರೆ, ಗಡುವಿನ ಮಾತಿರಲಿ, ಹಕ್ಕೇ ಇಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯು, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ತತ್ವವನ್ನು ಒಪ್ಪಿತ್ತು. ಅದು 20 ಮತ್ತು ಹೆಚ್ಚು ಜನ ದುಡಿಯುವ ಕಡೆ ಅನ್ವಯವಾಗುತ್ತಿತ್ತು. ಅದರ ಸ್ಥಾನದಲ್ಲಿ 2020ರ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಾಗ, ಗುತ್ತಿಗೆ ಕಾರ್ಮಿಕರ ಅಧ್ಯಾಯಕ್ಕೆ ಆ ಸಂಖ್ಯೆ 50 ಆಯಿತು. ನಮ್ಮ ಊರಿನ ಯಾವ ಮನೆಯನ್ನು 50 ಜನ ಕಟ್ಟುತ್ತಾರೆ? ಇನ್ನು ವರ್ತಕರ ವಿಷಯ. 2006ರ ಸಣ್ಣ ಉದ್ಯಮಗಳ ಕಾಯಿದೆ, ಸಣ್ಣ ಉದ್ಯಮಿಯಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇದು ಮಾಲು ತಯಾರಿಸುವವನಿಗೆ, ಸೇವೆ ಒದಗಿಸುವವನಿಗೆ. 2021ರಲ್ಲಿ ಅಂಗಡಿ ವ್ಯಾಪಾರವನ್ನು ಈ ಪಟ್ಟಿಗೆ ಸೇರಿಸಿದ್ದು ಬ್ಯಾಂಕ್ ಸಾಲದ ಸೌಲಭ್ಯಕ್ಕೆ ಮಾತ್ರ. ಸಿಮೆಂಟು ಮಾಡುವ ಕಾರ್ಖಾನೆಯ ಹತ್ತಿರ ಮುಂಗಡ ಕೊಟ್ಟು ತಂದು, ಉದ್ರಿ ಮಾರುವ ಅಂಗಡಿಯವನಿಗೆ ಆ 45 ದಿನದ ರಕ್ಷಣೆ ಇಲ್ಲ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಕೂಲಿಯ ಮತ್ತು ಸಾಮಾನಿನ ಬಾಕಿಯನ್ನು ಕಟ್ಟಡದ ಮೇಲಿನ ಋಣಭಾರವಾಗಿ ನೋಂದಾಯಿಸುವ ಕಾಯಿದೆ ಬರಬೇಕು. ನೋಂದಣಿಗೆ ವಕೀಲರು ಬೇಕಾಗಬಾರದು. ಕಾರ್ಮಿಕ ಸಂಘವೇ ಸದಸ್ಯರ ಪರವಾಗಿ ಅರ್ಜಿ ಕೊಡುವಂತಿರಬೇಕು. ಕೆಲಸ ಮುಗಿಯಿತೆಂದು ಯಜಮಾನನು ಕಾಗದ ಕೊಟ್ಟರೆ, ಅದು ಬಾಕಿದಾರನ ಕೈಸೇರಿದ ದಿನದಿಂದ ಮಾತ್ರ ಗಡುವು ಆರಂಭವಾಗಬೇಕು. ನೋಟೀಸು ಬರುವ ಮುಂಚೆಯೇ ಪೂರ್ತಿ ಹಣ ಕೊಟ್ಟ, ತಾನೇ ವಾಸಿಸುವ ಸಣ್ಣ ಮನೆಯವನಿಗೆ ರಕ್ಷಣೆ ಇರಬೇಕು.

ಕಾಯಿದೆ ಬರುವ ತನಕ ಕೈಕಟ್ಟಿ ಕೂರುವುದು ಬೇಡ. ವರ್ತಕ ಮಿತ್ರರಿಗೆ ನಮ್ಮ ಸಲಹೆ: ಪ್ರತಿ ಗಾಡಿ ಮಾಲಿಗೂ ತಾರೀಖು ಹಾಕಿದ ಚೀಟಿಗೆ ಸಹಿ ಪಡೆಯಿರಿ. ಮಾಲು ಯಾರ ಕಟ್ಟಡಕ್ಕೆ ಹೋಗುತ್ತಿದೆಯೋ ಆ ಯಜಮಾನರಿಗೆ ಮೊದಲ ಗಾಡಿಯ ದಿನವೇ ರಿಜಿಸ್ಟರ್ ಪತ್ರದಲ್ಲಿ ತಿಳಿಸಿರಿ. ಕಾಯಿದೆ ಅದನ್ನು ಕೇಳದಿದ್ದರೂ, ಕೊನೆಯ ಕಂತು ಕೊಡುವಾಗ ಯಜಮಾನರು ಯೋಚಿಸುವರು. ಗಾರೆಯವರು, ಬಡಗಿಗಳು ದಿನ ದಿನದ ಹಾಜರಿಯನ್ನು ತಮ್ಮ ಪುಸ್ತಕದಲ್ಲಿಯೇ ಬರೆದು ಮೇಸ್ತ್ರಿಯ ಸಹಿ ಹಾಕಿಸಲಿ. 1963ರ ಕಾಲಮಿತಿ ಕಾಯಿದೆಯ ಪ್ರಕಾರ, ಹಣ ಕೊಡಲು ವಾಯಿದೆ ಗೊತ್ತುಮಾಡದಿದ್ದಲ್ಲಿ, ಮಾಲಿನ ಹಣಕ್ಕೆ ಮಾಲು ಕೊಟ್ಟ ದಿನದಿಂದ, ಮಾಡಿದ ಕೆಲಸದ ಹಣಕ್ಕೆ ಕೆಲಸ ಮಾಡಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಆ ಮೂರು ವರ್ಷ ಮುಗಿಯುವ ಮುಂಚೆ ಸಾಲಗಾರನು ಬಾಕಿ ಉಂಟೆಂದು ಬರೆದು ಸಹಿ ಮಾಡಿಕೊಟ್ಟರೆ ಅಂದಿನಿಂದ ಲೆಕ್ಕ ಹೊಸದಾಗುತ್ತದೆ. "ದೀಪಾವಳಿ ಕಳೆಯಲಿ, ಕೊಡೋಣ" ಎಂಬ ಬಾಯಿಮಾತಿನಿಂದ ಹೊಸದಾಗುವುದಿಲ್ಲ. ಇದನ್ನು ಅಂಗಡಿಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅಂದು ಬಂದ ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಬಂದಿದ್ದರು. ಕೂಲಿಯವರಿಗೆ ಕೊಟ್ಟರೆ ತನಗೆ ಉಳಿಯದೆಂದು ಅಂಗಡಿಯವರಿಗೆ ಅಳುಕು. ಅಂಗಡಿಯವರು ಉಳ್ಳವರೆಂದು ಕೂಲಿಯವರಿಗೆ ಗುಮಾನಿ. ನಾವು ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಮೂವರ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದೆವು. ಆ ಹಾಳೆ ಈಗ ಕಾರ್ಮಿಕ ಅಧಿಕಾರಿಗಳ ಮೇಜಿನ ಮೇಲಿದೆ. ಅದರ ಒಂದು ನಕಲು ಕಟ್ಟಡದ ಯಜಮಾನರಿಗೂ ಹೋಗಿದೆ. ಫಲವೇನಾಯಿತೆಂಬುದನ್ನು ಇದೇ ಅಂಕಣದಲ್ಲಿ ತಿಳಿಸುತ್ತೇವೆ. ಇಂಥದೇ ಬಾಕಿಯುಳ್ಳವರು ಚೀಟಿ, ಪುಸ್ತಕಗಳ ಸಮೇತ ಭಾನುವಾರ ಬೆಳಿಗ್ಗೆ ಕಚೇರಿಗೆ ಬರಲಿ. ತಡ ಮಾಡಬಾರದು.