ಪ್ರತಿಭಾ ಪುರಸ್ಕಾರದ ಪಟ್ಟಿಗೆ ಮಳೆಯ ಲೆಕ್ಕವೂ ಸೇರಲಿ

ಹಳ್ಳಿಯ ಪ್ರೌಢಶಾಲೆಯ ವಾರ್ಷಿಕೋತ್ಸವವು ಊರ ಜಾತ್ರೆಗೆ ಕಡಿಮೆಯಿಲ್ಲದ ಸಂಭ್ರಮ. ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದವರು, ಪ್ರತಿಭಾ ಕಾರಂಜಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾದವರು, ಕಬಡ್ಡಿ ಮತ್ತು ಖೊಖೊ ತಂಡದವರು ಒಬ್ಬೊಬ್ಬರಾಗಿ ವೇದಿಕೆ ಏರುತ್ತಾರೆ. ಹೊಲದ ಕೆಲಸ ಬಿಟ್ಟು ಬಂದ ತಾಯಿಯೊಬ್ಬಳು ಹಿಂದಿನ ಸಾಲಿನಲ್ಲಿ ನಿಂತು, ಧ್ವನಿವರ್ಧಕದಲ್ಲಿ ತನ್ನ ಮಗಳ ಹೆಸರನ್ನು ಕೇಳುವ ಆ ಗಳಿಗೆಗೆ ಬೆಲೆ ಕಟ್ಟಲಾಗದು. ಇಂತಹ ಸಂಭ್ರಮ ಪ್ರತಿ ಶಾಲೆಗೂ ಬೇಕು. ವಿಚಾರ ಮಾಡಬೇಕಾದದ್ದು ವೇದಿಕೆಗೆ ಯಾರ ಹೆಸರನ್ನು, ಯಾವ ಕೆಲಸಕ್ಕಾಗಿ ಕರೆಯಲಾಗುತ್ತದೆ ಎಂಬುದನ್ನು.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಂತಹ ಊರುಗಳಲ್ಲಿ ಈ ವಿಚಾರಕ್ಕೆ ಹೆಚ್ಚಿನ ತೂಕವಿದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12ರ ಫಲಿತಾಂಶದೊಂದಿಗೆ ರಾಜ್ಯದಲ್ಲಿ ಮೊದಲ ಸ್ಥಾನ ಪಡೆಯಿತು. ಶೇಕಡಾ 42.43 ಪಡೆದ ಕಲಬುರಗಿ ಕೊನೆಯ ಸ್ಥಾನಕ್ಕೆ ಇಳಿಯಿತು. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ನಿಗಾ 2024ರಲ್ಲಿ ಬಂದಿತ್ತು. ಆ ವರ್ಷ ನೀಡಿದ್ದ ಹೆಚ್ಚುವರಿ ಕೃಪಾಂಕವನ್ನು 2025ರಲ್ಲಿ ಕೈಬಿಡಲಾಯಿತು. ಮುಸುಕು ಸರಿದಾಗ ಕಂಡದ್ದು ಇಷ್ಟು: ಪರೀಕ್ಷೆ ಬರೆದ ನೂರು ಮಕ್ಕಳಲ್ಲಿ ಐವತ್ತೇಳಕ್ಕೂ ಹೆಚ್ಚು ಮಂದಿ ಮೊದಲ ಯತ್ನದಲ್ಲಿ ತೇರ್ಗಡೆಯಾಗಲಿಲ್ಲ.

ಘಟ್ಟದ ಜಿಲ್ಲೆಗಳ ಓದುಗರು ಈ ಪಟ್ಟಿಯನ್ನು ನೋಡಿ ಹೆಮ್ಮೆಪಟ್ಟಿರಬಹುದು. ಉಡುಪಿ, ಉತ್ತರ ಕನ್ನಡ, ಶಿವಮೊಗ್ಗಗಳು ಪಟ್ಟಿಯ ಮೇಲ್ಭಾಗದಲ್ಲೇ ಇದ್ದವು. ಆದರೆ ಮಲೆನಾಡಿನ ಮನೆಯ ಸಾರಿನಲ್ಲಿ ಕುದಿಯುವ ತೊಗರಿಬೇಳೆ, ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು, ಗೋಡೆ ಎತ್ತಲು ಬಳಸಿದ ಸಿಮೆಂಟು ಇವುಗಳ ಊರು ಯಾವುದೆಂದು ಕೇಳಿದರೆ ಉತ್ತರ ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿಗಳ ಕಡೆಗೇ ಬೆರಳು ಮಾಡುತ್ತದೆ. ಆ ಸೀಮೆಯ ಮಕ್ಕಳ ಸೋಲು ದೂರದವರ ಸುದ್ದಿಯಲ್ಲ.

ಎಣಿಕೆಗೆ ಸಿಗದ ಪರೀಕ್ಷೆಗಳು

ಎರೆಮಣ್ಣಿನ ಈ ಸೀಮೆಯಲ್ಲಿ ಶಾಲೆಯ ವರ್ಷ ಹಾಗೂ ಹೊಲದ ವರ್ಷ ಒಂದಕ್ಕೊಂದು ಹೊಂದುವುದಿಲ್ಲ. ಮಿರಗದ ಮಳೆಗೆ ತೊಗರಿ ಬಿತ್ತನೆ ಆರಂಭವಾಗುವ ಜೂನ್ ತಿಂಗಳಲ್ಲೇ ತರಗತಿಗಳೂ ಆರಂಭವಾಗುತ್ತವೆ. ತೊಗರಿ ಕೊಯ್ಲಿನ ಡಿಸೆಂಬರ್ ಮತ್ತು ಜನವರಿಯಲ್ಲಿ ಪಾಠಗಳು ಮುಗಿಯುವ ಹಂತದಲ್ಲಿರುತ್ತವೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳಿಗೆ ಗುಳೆ ಹೊರಡುತ್ತವೆ. ತಂದೆತಾಯಿಗಳ ಜೊತೆ ಹೋದ ಮಗು ಪಾಠ ತಪ್ಪಿಸಿಕೊಳ್ಳುತ್ತದೆ. ಅಜ್ಜಿಯ ಬಳಿ ಉಳಿದ ಮಗುವಿನ ಹೆಗಲಿಗೆ ನೀರು, ಸೌದೆ, ತಮ್ಮ ತಂಗಿಯರ ಊಟದ ಹೊಣೆ ಬೀಳುತ್ತದೆ. ಶಿಕ್ಷಕರ ಹುದ್ದೆಗಳು ಖಾಲಿ ಬೀಳುವುದು ಇಲ್ಲಿಯ ಹಳೆಯ ಕಥೆ. ಬಿಸಿಲಂತೂ ಎಷ್ಟೆಂದರೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಗಿನ 8 ಗಂಟೆಗೆ ತೆರೆದು ಮಧ್ಯಾಹ್ನ ಮುಚ್ಚುತ್ತವೆ.

ಇಂತಹ ಊರಿನಲ್ಲಿ ಒಂದೂ ತರಗತಿ ಬಿಡದೆ ಹತ್ತನೆಯ ತರಗತಿಯವರೆಗೆ ಬಂದ ಬಾಲಕಿ ದೊಡ್ಡ ಪರೀಕ್ಷೆಯೊಂದನ್ನು ಆಗಲೇ ಗೆದ್ದಿದ್ದಾಳೆ. ಬಾಲ್ಯವಿವಾಹದ ಮಾತು ಮನೆಯ ಬಾಗಿಲಿಗೆ ಬಂದಾಗ 'ಓದು ಮುಗಿಯಲಿ' ಎಂದು ಹಟ ಹಿಡಿದವಳಿಗೆ ಯಾವ ನೆನಪಿನ ಕಾಣಿಕೆಯೂ ಇಲ್ಲ. ಗುಳೆಯಿಂದ ಮರಳಿ ಬಂದು ಮತ್ತೆ ಬೆಂಚಿನ ಮೇಲೆ ಕುಳಿತ ಬಾಲಕನ ಹೆಸರನ್ನು ಯಾರೂ ಕರೆಯುವುದಿಲ್ಲ. ಮೊದಲ ಪರೀಕ್ಷೆಯಲ್ಲಿ ಸೋತು, ನಂತರದ ಪರೀಕ್ಷೆಯಲ್ಲಿ ಗೆದ್ದವರು ಬಂದು ಅಂಕಪಟ್ಟಿ ಪಡೆದು ಮೌನವಾಗಿ ಹೊರಟುಹೋಗುತ್ತಾರೆ. ಪ್ರತಿಭಾ ಪುರಸ್ಕಾರದ ಪಟ್ಟಿ ಮೊದಲು ತಿದ್ದುಪಡಿಯಾಗಬೇಕಾದದ್ದು ಇಲ್ಲಿ.

ನಾಗಾವಿಯ ನೆನಪು

ಓದಿಗೂ ಈ ನೆಲಕ್ಕೂ ಸಂಬಂಧವಿಲ್ಲ ಎನ್ನುವವರು ಚಿತ್ತಾಪುರದ ಪಕ್ಕದ ನಾಗಾವಿಗೆ ಹೋಗಿ ನೋಡಬೇಕು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ಘಟಿಕಾಸ್ಥಾನವಿತ್ತು. 1058ರ ಶಾಸನವು 200 ವೇದ ವಿದ್ಯಾರ್ಥಿಗಳು, ಸುಮಾರು ಐವತ್ತು ಶಾಸ್ತ್ರ ವಿದ್ಯಾರ್ಥಿಗಳು, ಅವರ ಗುರುಗಳು, ಹಾಗೂ ಗ್ರಂಥಗಳನ್ನು ನೋಡಿಕೊಳ್ಳುವ 6 ಮಂದಿ ಸರಸ್ವತೀ ಭಂಡಾರಿಗರ ವಿಷಯ ಹೇಳುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ಕಾಗಿಣಾ ನದಿಯ ದಂಡೆಯಲ್ಲಿದ್ದ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷನ ಕಾಲದಲ್ಲಿಯೇ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು.

ಆ ಘಟಿಕಾಸ್ಥಾನದ ಬಾಗಿಲು ಒಕ್ಕಲಿಗನ ಮಗನಿಗಾಗಲಿ, ಯಾವ ಮಗಳಿಗಾಗಲಿ ತೆರೆದಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಇಂದಿನ ಸರ್ಕಾರಿ ಪ್ರೌಢಶಾಲೆಯಲ್ಲಿ ತಾಂಡಾದ ಬಾಲಕಿ, ಕಲ್ಲುಗಣಿ ಕೂಲಿಯ ಮಗ, ಊರ ಗೌಡರ ಮೊಮ್ಮಗ ಒಂದೇ ಬೆಂಚಿನಲ್ಲಿ ಕುಳಿತಿದ್ದಾರೆ. ನಾಗಾವಿಗೆ ಸಾಧ್ಯವಾಗದ್ದು ಇಲ್ಲಿ ಸಾಧ್ಯವಾಗಿದೆ. ಆದರೆ ಆ ಮಕ್ಕಳು ಮನೆಯಿಂದ ಹೊತ್ತು ತಂದ ತಿಳಿವಳಿಕೆ ಶಾಲೆಯ ಬಾಗಿಲಲ್ಲೇ ಉಳಿದುಬಿಡುತ್ತದೆ. ಚಿಂಚೋಳಿಯ ಗುಡ್ಡಗಳ ತಾಂಡಾದಿಂದ ಬಂದವಳಿಗೆ ಯಾವ ಗಿಡ ಯಾವ ತಿಂಗಳಲ್ಲಿ ಹೂ ಬಿಡುತ್ತದೆಂದು ಗೊತ್ತು. ಆ ಗುಡ್ಡಗಳ 134.88 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಸರ್ಕಾರ ಘೋಷಿಸಿತು. ಆ ಕಾಡಿನ ಅಂಚಿನಲ್ಲಿ ಬೆಳೆದವಳ ಅರಿವಿಗೆ ಮಾತ್ರ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ.

ಮಾಡಬಹುದಾದ ಮೂರು ಕೆಲಸಗಳು

2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆ ಯೋಜನೆಯಡಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಹುಟ್ಟಿದವು. ಅನೇಕ ಕಡೆ ಅವುಗಳ ಚಟುವಟಿಕೆ ಜೂನ್ 5ರಂದು ಸಸಿ ನೆಟ್ಟು ಚಿತ್ರ ತೆಗೆಸಿಕೊಳ್ಳುವುದರಲ್ಲಿ ಮುಗಿಯುತ್ತದೆ. ಬಯಲುಸೀಮೆಯಲ್ಲಿ ಆ ದಿನ ಮಳೆ ಇನ್ನೂ ನಿಂತಿರುವುದಿಲ್ಲ; ನೆಲ ಕಾದೇ ಇರುತ್ತದೆ. ಸಸಿ ಒಣಗುತ್ತದೆ. ಮರುವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ ಬರುತ್ತದೆ. ಎಷ್ಟು ಸಸಿ ನೆಟ್ಟರೆಂಬ ಲೆಕ್ಕಕ್ಕೆ ಪ್ರಶಸ್ತಿ ಕೊಡುವ ಬದಲು, ಮೂರನೆಯ ಬೇಸಿಗೆ ದಾಟಿದ ಸಸಿಗಳ ಲೆಕ್ಕಕ್ಕೆ ಕೊಟ್ಟರೆ ಚಟುವಟಿಕೆಯ ಸ್ವರೂಪವೇ ಬದಲಾದೀತು. ಇದಕ್ಕಿಂತ ಮುಂದೆ ಹೋಗಿ, ಯಾವುದೇ ಹಳ್ಳಿಯ ಪ್ರೌಢಶಾಲೆ ಹಣವಿಲ್ಲದೆ ಕೈಗೆತ್ತಿಕೊಳ್ಳಬಹುದಾದ ಮೂರು ಕೆಲಸಗಳಿವೆ.

ಮೊದಲನೆಯದು ಮಳೆಯ ಲೆಕ್ಕ. ಬಾಯಿ ಮತ್ತು ತಳ ಒಂದೇ ಅಗಲವಿರುವ ಒಂದು ನೇರ ಡಬ್ಬಿ, ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್ ಇದ್ದರೆ ಸಾಕು. ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರ ಅಳೆದು ಬರೆದು, ಡಬ್ಬಿಯನ್ನು ಬರಿದು ಮಾಡಿ ಇಡಬೇಕು. ಒಂದು ಚದರ ಮೀಟರ್ ಜಾಗದಲ್ಲಿ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ವರ್ಷಕ್ಕೆ 750 ಮಿಲಿಮೀಟರ್ ಮಳೆಯೆಂದು ಹಿಡಿದರೆ, 200 ಚದರ ಮೀಟರಿನ ಶಾಲೆಯ ಚಾವಣಿಯ ಮೇಲೆ ಬೀಳುವುದು 1,50,000 ಲೀಟರ್. ಐದನೆಯ ಒಂದು ಭಾಗ ಪೋಲಾದರೂ 1,20,000 ಲೀಟರ್ ಉಳಿಯುತ್ತದೆ. 200 ಮಕ್ಕಳಿಗೆ ದಿನಕ್ಕೆ ಎರಡೂವರೆ ಲೀಟರಿನಂತೆ 220 ಶಾಲಾ ದಿನಗಳಿಗೆ ಬೇಕಾದ ಕುಡಿಯುವ ನೀರು 1,10,000 ಲೀಟರ್. ಅಷ್ಟು ನೀರನ್ನು ಹಿಡಿದಿಡಲು ತೊಟ್ಟಿ ಎಷ್ಟು ದೊಡ್ಡದಿರಬೇಕು, ಮಳೆಯ ತಿಂಗಳುಗಳಲ್ಲಿ ಬಳಕೆಯಾಗುವುದೆಷ್ಟು ಎಂಬುದು ಮುಂದಿನ ಲೆಕ್ಕ. ಗಣಿತದಲ್ಲಿ ಸೋತವನೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಬಾಲಕ ಈ ಲೆಕ್ಕವನ್ನು ಬಿಡಿಸಬಲ್ಲ, ಏಕೆಂದರೆ ಅದರ ಉತ್ತರ ಅವನ ಬಾಯಾರಿಕೆಗೆ ಸಂಬಂಧಿಸಿದ್ದು. ಮಳೆಮಾಪಕದ ಅಂಕಿ ಸರಿಯಿಲ್ಲವೆಂದು ಅಡಿಕೆಯ ಬೆಳೆವಿಮೆಗಾಗಿ ತಕರಾರು ಹೂಡಬೇಕಾದ ಮಲೆನಾಡಿನ ರೈತರಿಗೆ, ಊರಿನಲ್ಲೇ ನಂಬಿಕೆಯ ದಾಖಲೆಯೊಂದು ಇರುವುದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ತೊಗರಿ ಹೊಲದ ಪರಿಶೀಲನೆ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2022ರ ಹಂಗಾಮಿನಲ್ಲಿ ಅದೇ ತೊಗರಿ ನೆಟೆ ರೋಗಕ್ಕೆ ಸಿಕ್ಕಿ ಜಿಲ್ಲೆಯಾದ್ಯಂತ ಒಣಗಿ ನಿಂತಿತು. ಈ ರೋಗದ ಶಿಲೀಂಧ್ರ ಬೆಳೆಯ ಉಳಿಕೆಗಳಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬೇರಿನ ಮೂಲಕ ಒಳಹೊಕ್ಕು ನೀರಿನ ನಾಳಗಳನ್ನು ಕಟ್ಟಿಹಾಕುತ್ತದೆ. ಕಾಂಡ ಸೀಳಿದರೆ ಒಳಗೆ ಕಂದುಗಪ್ಪು ಗೆರೆಗಳು ಕಾಣುತ್ತವೆ. ಜೋಳದೊಂದಿಗೆ ಬೆಳೆದ ತೊಗರಿಯಲ್ಲಿ ನೆಟೆ ಕಡಿಮೆ ಎಂಬುದು ಸಂಶೋಧನೆಯಿಂದ ತಿಳಿದ ಸಂಗತಿ. ಅಕ್ಕಡಿ ಸಾಲು ಹಾಕುತ್ತಿದ್ದ ಹಿರಿಯರಿಗೂ ಅದರ ಒಳಿತು ಗೊತ್ತಿತ್ತು. ಒಂಬತ್ತನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಹೊಲಗಳಲ್ಲಿ ನೂರು ಗಿಡ ಎಣಿಸಿ ಒಣಗಿದವೆಷ್ಟು ಎಂದು ಹೂ ಬಿಡುವಾಗೊಮ್ಮೆ, ಕಾಯಿ ಕಟ್ಟುವಾಗೊಮ್ಮೆ ಬರೆದಿಟ್ಟರೆ, ಯಾವ ತಳಿ, ಯಾವ ಮಣ್ಣು, ಹಿಂದಿನ ವರ್ಷ ಯಾವ ಬೆಳೆ ಎಂಬ ವಿವರ ಸೇರಿಸಿದರೆ, ಮೂರು ವರ್ಷಗಳಲ್ಲಿ ಊರಿನ ಕೈಗೆ ಒಂದು ನಕ್ಷೆ ಸಿಗುತ್ತದೆ. ಅದು ಜೀವಶಾಸ್ತ್ರದ ಪಾಠವೂ ಹೌದು, ಅಪ್ಪನಿಗೆ ಮುಂದಿನ ಬಿತ್ತನೆಯ ಸಲಹೆಯೂ ಹೌದು.

ಮೂರನೆಯದು ಊರಿನ ದಾಖಲೆ. ಬಾವಿಗಳ ನೀರಿನ ಮಟ್ಟ, ಬಿಟ್ಟುಹೋದ ಜೋಳದ ತಳಿಗಳ ಹೆಸರು, ಹಳ್ಳದ ದಂಡೆಯ ಮರಗಳು, ಕಲ್ಲುಗಣಿಯ ಅಂಚಿನ ಹೊಲಗಳ ಎಲೆಗಳ ಮೇಲೆ ಕೂರುವ ಧೂಳು, ಇವೆಲ್ಲ ಅಜ್ಜ ಅಜ್ಜಿಯರನ್ನು ಕೇಳಿ, ಕಣ್ಣಾರೆ ಕಂಡು ಬರೆಯಬೇಕಾದವು. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಪಂಚಾಯಿತಿಯೂ ಜನತಾ ಜೀವವೈವಿಧ್ಯ ದಾಖಲೆ ಇಡಬೇಕೆಂದು ಹೇಳುತ್ತದೆ. ಅದು ಕಚೇರಿಯ ಕಡತವಾಗಿ ಉಳಿಯದಿರಲು ಮಕ್ಕಳ ಕೈ ಬೇಕು.

ಇದು ಹೊಸ ಕನಸೇನೂ ಅಲ್ಲ. 1990ರ ದಶಕದಲ್ಲಿ ಮಾಧವ ಗಾಡ್ಗೀಳರ ಮಾರ್ಗದರ್ಶನದಲ್ಲಿ ಪಶ್ಚಿಮ ಘಟ್ಟದ ಕಾಲೇಜುಗಳ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳು ತಮ್ಮ ಸುತ್ತಲಿನ ಗಿಡಮರ, ಹಕ್ಕಿ, ಚಿಟ್ಟೆಗಳನ್ನು ದಾಖಲಿಸುವ ಜಾಲ ಕಟ್ಟಿದ್ದರು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ ಮಕ್ಕಳಿಂದ ಕೇಳಿದ್ದು ಸ್ಥಳೀಯ ಸಮಸ್ಯೆಯೊಂದರ ಅಧ್ಯಯನವನ್ನೇ. ಘಟ್ಟದಲ್ಲಿ ಆದದ್ದು ಕಾಗಿಣಾ ತೀರದಲ್ಲಿ ಆಗಬಾರದೆಂದೇನಿಲ್ಲ.

ಅಂಕ ಬೇಡವೇ?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ, ನ್ಯಾಯವೂ ಹೌದು. 'ಉಳ್ಳವರ ಮಕ್ಕಳು ಪಟ್ಟಣದಲ್ಲಿ ಟ್ಯೂಷನ್ ಪಡೆದು ವೈದ್ಯರಾಗಲಿ, ಹಳ್ಳಿಯ ಮಕ್ಕಳು ಮಳೆ ಅಳೆಯುತ್ತ ಕೂರಲಿ ಎನ್ನುವಿರಾ?' ಎಂದು ಗುಂಡಗುರ್ತಿಯ ಪಾಲಕರು ಕೇಳಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಸಂವಿಧಾನದ 371ಜೆ ವಿಧಿಯ ಮೂಲಕ 2013ರಿಂದ ಈ ಭಾಗದ ಮಕ್ಕಳಿಗೆ ಉನ್ನತ ಶಿಕ್ಷಣದಲ್ಲಿ, ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿ ದೊರೆತಿದೆ. ಅದು ದೊಡ್ಡ ಬಾಗಿಲು. ಆದರೆ ಹತ್ತನೆಯ ತರಗತಿಯ ಹೊಸ್ತಿಲು ದಾಟದವರು ಆ ಬಾಗಿಲ ಬಳಿಗೂ ಬರಲಾರರು. ಆದ್ದರಿಂದ ಅಂಕ ಬೇಕು. ಶಿಕ್ಷಕರ ಖಾಲಿ ಹುದ್ದೆ ತುಂಬಬೇಕು. ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಊರಲ್ಲೇ ಉಳಿದು ಓದಲು ವಸತಿನಿಲಯ ಬೇಕು. ಮಳೆಯ ನೋಟ್‌ಬುಕ್ ಇವುಗಳಿಗೆ ಬದಲಿಯಾಗದು.

ಆದರೆ ಅಳೆಯುವುದು, ಎಣಿಸುವುದು, ಹೋಲಿಸುವುದು, ಬರೆಯುವುದು ಇವೇ ಗಣಿತ ಮತ್ತು ವಿಜ್ಞಾನದ ಬುಡ. ಶೇಕಡಾವಾರನ್ನು ಪುಸ್ತಕದಲ್ಲಿ ಕಲಿಯಲಾಗದವಳು ನೂರು ತೊಗರಿ ಗಿಡಗಳ ನಡುವೆ ನಿಂತು ಕಲಿತರೆ ಪರೀಕ್ಷೆಯಲ್ಲಿಯೂ ಅದು ಅವಳ ಕೈಬಿಡದು. ಕಲಿಯಬಲ್ಲೆ ಎಂಬ ಭರವಸೆ ಇಲ್ಲದ ಮಗು ಪುಸ್ತಕವನ್ನು ತೆರೆಯುವುದೇ ಇಲ್ಲ. ಊರ ಮುಂದೆ ಒಮ್ಮೆ ಹೆಸರು ಕರೆಸಿಕೊಂಡ ಮಗುವಿಗೆ ಆ ಭರವಸೆ ಹುಟ್ಟುತ್ತದೆ.

ಇನ್ನೊಂದು ಮಾತು. ಇಂದಿನ ಪುರಸ್ಕಾರದ ಪಟ್ಟಿ ಊರು ಬಿಟ್ಟು ಹೋಗಬಲ್ಲವರ ಪಟ್ಟಿಯಾಗಿದೆ. ಮಲೆನಾಡಿನಲ್ಲಿ ಇದರ ಫಲ ಕಣ್ಣೆದುರಿಗಿದೆ: ಶೇಕಡಾ ತೊಂಬತ್ತರ ಫಲಿತಾಂಶ ತಂದ ಊರುಗಳಲ್ಲಿ ಮುದಿ ತಂದೆತಾಯಿಗಳು ತೋಟ ಕಾಯುತ್ತಿದ್ದಾರೆ; ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಗನಿಗೆ ಮನೆಯ ಹಿಂದಿನ ಬೆಟ್ಟದ ಮರಗಳ ಹೆಸರು ಗೊತ್ತಿಲ್ಲ. ಕಲಬುರಗಿಯಲ್ಲಿ ಸೋತವರು ಗುಳೆ ಹೋಗುತ್ತಾರೆ, ಘಟ್ಟದಲ್ಲಿ ಗೆದ್ದವರು ಗುಳೆ ಹೋಗುತ್ತಾರೆ. ಎರಡೂ ಕಡೆ ಬರಿದಾಗುವುದು ಊರೇ.

ಆದ್ದರಿಂದ ಮುಂದಿನ ವಾರ್ಷಿಕೋತ್ಸವದ ಸಿದ್ಧತೆಗೆ ಶಾಲಾಭಿವೃದ್ಧಿ ಸಮಿತಿ ಸೇರುವಾಗ, ಪಟ್ಟಿಗೆ ನಾಲ್ಕು ಸಾಲುಗಳನ್ನು ಸೇರಿಸಿಕೊಳ್ಳಲಿ. ವರ್ಷವಿಡೀ ಒಂದು ದಿನವೂ ತಪ್ಪದೆ ಮಳೆ ಅಳೆದ ತಂಡ. ಹೊಲದ ರೋಗವನ್ನು ಎಣಿಸಿ ಬರೆದವರು. ಮೊದಲ ಯತ್ನದಲ್ಲಿ ಸೋತು ನಂತರದ ಪರೀಕ್ಷೆಯಲ್ಲಿ ಗೆದ್ದವರು. ಶಾಲೆ ಬಿಟ್ಟು ಮತ್ತೆ ಬಂದವರು. ಆ ವರ್ಷದ ಮಳೆಯ ಲೆಕ್ಕವನ್ನು ಒಬ್ಬ ವಿದ್ಯಾರ್ಥಿನಿ ವೇದಿಕೆಯಲ್ಲಿ ಊರವರಿಗೆ ಓದಿ ಹೇಳಲಿ. ಅದರ ಪ್ರತಿಯೊಂದು ಪಂಚಾಯಿತಿ ಕಚೇರಿಯ ಗೋಡೆಗೆ ಏರಲಿ. ಇದಕ್ಕೆ ಸರ್ಕಾರಿ ಆದೇಶ ಬೇಕಿಲ್ಲ, ದಾನಿಗಳು ಬೇಕಿಲ್ಲ. ಗುಂಡಗುರ್ತಿಯಲ್ಲಾಗಲಿ, ಘಟ್ಟದ ಯಾವುದೇ ಊರಿನಲ್ಲಾಗಲಿ, ಮುಂದಿನ ಮಿರಗದ ಮಳೆಯ ಮೊದಲ ದಿನವೇ ಡಬ್ಬಿಯನ್ನು ಅಂಗಳದಲ್ಲಿಟ್ಟು ಈ ಕೆಲಸ ಆರಂಭಿಸಬಹುದು.